ಮುಖ ಮಾತ್ರ ಕಾಣುವುದಿಲ್ಲ: ಮ್ಯಾಕ್ಯುಲಾ ಸವೆತದ ಕಾರಣ ಹುಡುಕುತ್ತ ಬಂದ ದಾರಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದ ಹಿರಿಯರು ಕಣ್ಣಿನ ಬಗ್ಗೆ ಹೇಳಿಕೊಳ್ಳುವ ದೂರುಗಳಲ್ಲಿ ಒಂದು ಉಳಿದವುಗಳಿಗಿಂತ ಬೇರೆ. ಅವರು ಎಲ್ಲವೂ ಮಂಜಾಗಿದೆ ಎನ್ನುವುದಿಲ್ಲ. ಅಂಗಳದ ಅಂಚು, ಹಟ್ಟಿಯ ಬಾಗಿಲು, ತೋಟಕ್ಕೆ ಇಳಿಯುವ ಮೆಟ್ಟಿಲು ಎಲ್ಲವೂ ಕಾಣುತ್ತವೆ. ಎದುರು ಕೂತ ಮೊಮ್ಮಗಳ ಮುಖ ಮಾತ್ರ ಕಾಣುವುದಿಲ್ಲ. ಪೇಪರಿನ ಸಾಲಿನಲ್ಲಿ ನಡುವಿನ ಎರಡು ಅಕ್ಷರ ಮಾಯವಾಗಿರುತ್ತವೆ. ನೇರವಾಗಿರಬೇಕಾದ ದಾರಂದ ಒಂದು ಕಡೆ ಬಾಗಿದಂತೆ ತೋರುತ್ತದೆ. ಪೊರೆ ಬಂದಿರಬೇಕು ಎಂದು ಮನೆಯವರು ಕಣ್ಣಿನ ಶಿಬಿರಕ್ಕೆ ಕರೆದೊಯ್ಯುತ್ತಾರೆ. ಪೊರೆ ತೆಗೆದ ಮೇಲೂ ನಡುವಿನ ಮಸುಕು ಹಾಗೇ ಉಳಿದಾಗ, ಇದು ಕಣ್ಣಿನ ಹಿಂಬದಿಯ ತೊಂದರೆ ಎಂದು ವೈದ್ಯರು ಹೇಳುತ್ತಾರೆ.

ಇದೇ ವಯಸ್ಸಿನೊಡನೆ ಬರುವ ಮ್ಯಾಕ್ಯುಲಾ ಸವೆತ. ಎರಡು ರೂಪಗಳಲ್ಲಿ ಬರುತ್ತದೆ. ಒಣ ರೂಪದಲ್ಲಿ ರೆಟಿನಾದ ನಡುಭಾಗದ ಕೋಶಗಳು ವರ್ಷಗಟ್ಟಲೆ ನಿಧಾನವಾಗಿ ಸಾಯುತ್ತವೆ. ಒದ್ದೆ ರೂಪದಲ್ಲಿ ರೆಟಿನಾದ ಕೆಳಗೆ ಹೊಸ, ದುರ್ಬಲ ರಕ್ತನಾಳಗಳು ಹುಟ್ಟಿ ಸೋರುತ್ತವೆ. ಕೆಲವೇ ವಾರಗಳಲ್ಲಿ ದೃಷ್ಟಿ ಕುಸಿಯಬಹುದು. ಜಗತ್ತಿನಲ್ಲಿ 2020ರ ಹೊತ್ತಿಗೆ ಸುಮಾರು 19.6 ಕೋಟಿ ಜನರಿಗೆ ಇದರ ಯಾವುದಾದರೊಂದು ಹಂತ ಇದ್ದೀತು, 2040ಕ್ಕೆ ಅದು 28.8 ಕೋಟಿಗೆ ಏರೀತು ಎಂದು 2014ರಲ್ಲಿ ಪ್ರಕಟವಾದ ಅಂದಾಜು ಹೇಳಿತ್ತು. ಭಾರತದಲ್ಲಿ ಹರಿಯಾಣ ಮತ್ತು ತಮಿಳುನಾಡು ಪುದುಚೇರಿ ಭಾಗದ ಹಳ್ಳಿಗಳಲ್ಲಿ ನಡೆದ ಇಂಡ್‌ಐ ಅಧ್ಯಯನ 60 ದಾಟಿದವರಲ್ಲಿ ಶೇ. 1.2ರಷ್ಟು ಮಂದಿಯಲ್ಲಿ ಮುಂದುವರಿದ ಹಂತವನ್ನು ಕಂಡಿತು.

ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರಗಳು ಹಲವು. ವಯಸ್ಸು ಎನ್ನುತ್ತದೆ ಒಂದು ಪಂಥ, ವಂಶವಾಹಿ ಎನ್ನುತ್ತದೆ ಇನ್ನೊಂದು. ಬಿಸಿಲು, ಊಟ, ರಕ್ತನಾಳ, ಹೊಗೆ ಎನ್ನುವವರೂ ಇದ್ದಾರೆ. ಒಂದೊಂದು ಪಂಥವೂ ಒಂದಷ್ಟನ್ನು ಸರಿಯಾಗಿ ವಿವರಿಸಿ ಮುಂದೆ ತಡವರಿಸುತ್ತದೆ. ಇದುವರೆಗಿನ ಈ ಭೂಪಟವನ್ನು ಬರೆದವರು ಬಹುಪಾಲು ಅಮೆರಿಕ, ಯುರೋಪ್, ಆಸ್ಟ್ರೇಲಿಯಾದವರು. ಬೀಡಿ ಕಟ್ಟುವ, ಸೌದೆ ಒಲೆ ಉರಿಸುವ, ಅಡಿಕೆಗೆ ಮದ್ದು ಬಿಡುವ ನಮ್ಮ ತಾಲ್ಲೂಕುಗಳ ಬದುಕನ್ನು ಅದರ ಮೇಲಿಟ್ಟು ನೋಡಬೇಕಾದ ಕೆಲಸ ಬಾಕಿ ಇದೆ.

ರೆಟಿನಾದ ಹಿಂದೆ ನಡೆಯುವ ದುಡಿಮೆ

ರೆಟಿನಾದ ನಡುವೆ ಐದೂವರೆ ಮಿಲಿಮೀಟರಿನಷ್ಟು ಅಗಲದ ಹಳದಿ ಛಾಯೆಯ ಜಾಗವೇ ಮ್ಯಾಕ್ಯುಲಾ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಅದರ ಕೆಲಸ. ಬೆಳಕನ್ನು ಹಿಡಿಯುವ ಕೋಶಗಳ ಹಿಂದೆ ಒಂದೇ ಪದರದ ವರ್ಣಕೋಶಗಳಿವೆ. ಬೆಳಕಿನ ಕೋಶಗಳು ತಮ್ಮ ತುದಿಯ ಸುಮಾರು ಹತ್ತನೇ ಒಂದು ಭಾಗವನ್ನು ಪ್ರತಿದಿನ ಕಳಚಿ ಹಾಕುತ್ತವೆ. ಆ ಕಸವನ್ನು ನುಂಗಿ ಅರಗಿಸುವುದು ವರ್ಣಕೋಶಗಳು. ಹುಟ್ಟಿದ ಮೇಲೆ ಇವು ಸಾಮಾನ್ಯವಾಗಿ ಮತ್ತೆ ವಿಭಜನೆಯಾಗುವುದಿಲ್ಲ. ಎಂಬತ್ತರ ಅಜ್ಜಿಯ ಕಣ್ಣಲ್ಲಿ ಎಂಬತ್ತು ವರ್ಷ ಒಂದು ದಿನವೂ ರಜೆಯಿಲ್ಲದೆ ದುಡಿದ ಅದೇ ಕೋಶಗಳಿರುತ್ತವೆ.

ಅವುಗಳ ಹಿಂದೆ ಬ್ರೂಕ್ ಪೊರೆ ಎಂಬ ತೆಳು ಹಾಳೆ, ಅದರಾಚೆ ರಕ್ತನಾಳಗಳ ದಟ್ಟ ಜಾಲ. ಆಹಾರ ಮತ್ತು ಆಮ್ಲಜನಕ ಒಳಗೆ ಬರುವುದೂ ಕಸ ಹೊರಗೆ ಹೋಗುವುದೂ ಈ ಪೊರೆಯ ಮೂಲಕವೇ. ವಯಸ್ಸಾದಂತೆ ವರ್ಣಕೋಶ ಮತ್ತು ಬ್ರೂಕ್ ಪೊರೆಯ ನಡುವೆ ಹಳದಿ ಚುಕ್ಕೆಗಳಂತೆ ಕಸ ಶೇಖರವಾಗುತ್ತದೆ. ಇವೇ ಡ್ರೂಸೆನ್. ರೋಗದ ಕಾರಣ ಕುರಿತ ಬಹುತೇಕ ಎಲ್ಲ ವಾದಗಳೂ ಡ್ರೂಸೆನ್ ಏಕೆ ಕೂಡುತ್ತವೆ ಮತ್ತು ಕೂಡಿದ ಮೇಲೆ ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳ ಸುತ್ತಲೇ ನಡೆದಿವೆ.

ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ

ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಕಣ್ಣಿನ ಒಳಗನ್ನು ನೋಡುವ ಉಪಕರಣ ತಯಾರಿಸಿದ ಕೆಲವೇ ವರ್ಷಗಳಲ್ಲಿ, 1855ರಲ್ಲಿ, ಡಚ್ ವೈದ್ಯ ಡಾಂಡರ್ಸ್ ಈ ಚುಕ್ಕೆಗಳನ್ನು ವರ್ಣಿಸಿದ. ಲಂಡನ್ನಿನಲ್ಲಿ ಹಚಿನ್‌ಸನ್ ಮತ್ತು ಟೇ 1870ರ ದಶಕದಲ್ಲಿ ಎರಡೂ ಕಣ್ಣುಗಳ ನಡುಭಾಗ ಮುಪ್ಪಿನಲ್ಲಿ ಹಾಳಾಗುವ ಪ್ರಕರಣಗಳನ್ನು ಬರೆದಿಟ್ಟರು. ಸ್ವಿಟ್ಜರ್ಲೆಂಡಿನ ಹಾಬ್ 1885ರಲ್ಲಿ ಅದನ್ನು ಮುಪ್ಪಿನ ಮ್ಯಾಕ್ಯುಲಾ ಕ್ಷಯ ಎಂದು ಕರೆದ. ಆ ಹೆಸರೇ ಕಾರಣದ ಹುಡುಕಾಟವನ್ನು ಬಹುಕಾಲ ತಡೆಯಿತು ಎನ್ನಬೇಕು. ಮುಪ್ಪೇ ಕಾರಣ ಎಂದಾದ ಮೇಲೆ ಬೇರೆ ಕಾರಣ ಹುಡುಕುವವರು ಯಾರು? ನಮ್ಮಲ್ಲೂ ವಯಸ್ಸಾಯಿತಲ್ಲ ಎಂಬ ಒಂದೇ ಮಾತಿನಿಂದ ಎಷ್ಟೋ ಕಣ್ಣುಗಳ ತಪಾಸಣೆ ನಿಂತುಹೋಗಿದೆ.

ಒದ್ದೆ ರೂಪವನ್ನು ಯೂನಿಯಸ್ ಮತ್ತು ಕೂಂಟ್ 1926ರಲ್ಲಿ ವಿವರವಾಗಿ ವರ್ಣಿಸಿದರು; ಆಗ ಅದು ಬೇರೆಯೇ ಕಾಯಿಲೆ ಎಂದೇ ನಂಬಿಕೆ. 1961ರಲ್ಲಿ ಅಮೆರಿಕದ ಇಂಡಿಯಾನಾದ ಇಬ್ಬರು ವೈದ್ಯಕೀಯ ವಿದ್ಯಾರ್ಥಿಗಳು, ನೊವೊಟ್ನಿ ಮತ್ತು ಆಲ್ವಿಸ್, ರಕ್ತಕ್ಕೆ ಹೊಳೆಯುವ ಬಣ್ಣ ಸೇರಿಸಿ ಕಣ್ಣಿನ ನಾಳಗಳ ಚಿತ್ರ ತೆಗೆಯುವ ವಿಧಾನ ಪ್ರಕಟಿಸಿದರು. ಆ ಚಿತ್ರಗಳ ಬೆಂಬಲದಿಂದ ಡೊನಾಲ್ಡ್ ಗ್ಯಾಸ್ 1967ರಲ್ಲಿ ಡ್ರೂಸೆನ್, ಒಣ ಸವೆತ, ಒದ್ದೆ ಸೋರಿಕೆ ಮೂರೂ ಒಂದೇ ರೋಗದ ಹಂತಗಳು ಎಂದು ತೋರಿಸಿದರು. ಮ್ಯಾಕ್ಯುಲಾ ಸವೆತದ ಆಧುನಿಕ ಸಂಶೋಧನೆ ಆರಂಭವಾದದ್ದು ಅಲ್ಲಿಂದ.

ಕಸ ಕಟ್ಟಿಕೊಂಡ ಕಣ್ಣು

ಮೊದಲ ಪಂಥದ ವಾದ ನೇರವಾದದ್ದು. ವರ್ಣಕೋಶಗಳು ನುಂಗಿದ್ದನ್ನು ಪೂರ್ತಿ ಅರಗಿಸಲಾರದೆ ಲಿಪೊಫಸಿನ್ ಎಂಬ ಕಂದು ಜಿಡ್ಡನ್ನು ತಮ್ಮೊಳಗೇ ಶೇಖರಿಸುತ್ತವೆ. ಬ್ರೂಕ್ ಪೊರೆಯಲ್ಲಿ ಕೊಬ್ಬಿನ ಕಣಗಳು ತುಂಬುತ್ತವೆ. ಅಡಿಕೆ ತೋಟದ ಕಣಿಯಲ್ಲಿ ಹೂಳು ತುಂಬಿದರೆ ನೀರು ನಿಂತು ಬೇರು ಕೊಳೆಯುವಂತೆ, ಪೊರೆಯಲ್ಲಿ ಹರಿವು ನಿಂತಾಗ ಮೇಲಿನ ಕೋಶಗಳು ಸಾಯುತ್ತವೆ. ಅಮೆರಿಕದ ಅಲಬಾಮಾದಲ್ಲಿ ಕ್ರಿಸ್ಟೀನ್ ಕುರ್ಸಿಯೊ ದಾನವಾಗಿ ಬಂದ ಕಣ್ಣುಗಳನ್ನು ಪರೀಕ್ಷಿಸಿ, ವರ್ಣಕೋಶಗಳೇ ಕೊಬ್ಬಿನ ಕಣಗಳನ್ನು ತಯಾರಿಸಿ ಹೊರಹಾಕುತ್ತವೆ, ಅವು ಪೊರೆಯಲ್ಲಿ ಸಿಕ್ಕಿಕೊಳ್ಳುತ್ತವೆ ಎಂದು ತೋರಿಸಿದರು. ಹೃದಯದ ನಾಳದಲ್ಲಿ ಕೊಬ್ಬು ಕಟ್ಟುವ ಕ್ರಿಯೆಗೂ ಇದಕ್ಕೂ ಹೋಲಿಕೆ ಇದೆ.

ಆದರೆ ಹೃದಯದ ತರ್ಕವನ್ನು ಕಣ್ಣಿಗೆ ಹಾಗೇ ತಂದರೆ ಹೊಂದುವುದಿಲ್ಲ. ಒಳ್ಳೆಯ ಕೊಲೆಸ್ಟರಾಲ್ ಎಂದು ನಾವು ಹೇಳುವ ಎಚ್‌ಡಿಎಲ್ ಹೆಚ್ಚಿರುವವರಲ್ಲಿ ಮ್ಯಾಕ್ಯುಲಾ ಸವೆತದ ಸಂಭವ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಆಲ್‌ಜೈಮರ್ ಮರೆವಿನ ಸಂಭವವನ್ನು ಏರಿಸುವ ಎಪಿಒಇ ವಂಶವಾಹಿಯ ನಾಲ್ಕನೇ ರೂಪ ಮ್ಯಾಕ್ಯುಲಾವನ್ನು ಕಾಯುತ್ತದೆ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳಿಂದ ಈ ರೋಗಕ್ಕೆ ಖಚಿತವಾದ ಲಾಭ ಕಂಡಿಲ್ಲ. ಕಸ ಕೂಡುವುದು ನಿಜ. ಅದೇ ಕಸವಿರುವ ಇಬ್ಬರಲ್ಲಿ ಒಬ್ಬರ ಕಣ್ಣು ಮಾತ್ರ ಏಕೆ ಹಾಳಾಗುತ್ತದೆ ಎಂಬುದಕ್ಕೆ ಈ ಪಂಥದ ಬಳಿ ಪೂರ್ತಿ ಉತ್ತರವಿಲ್ಲ.

ಬಿಸಿಲು ಮತ್ತು ಸೊಪ್ಪು

ಎರಡನೆಯ ಪಂಥ ಬೆಳಕು ಮತ್ತು ಆಮ್ಲಜನಕದತ್ತ ಬೆರಳು ಮಾಡುತ್ತದೆ. ರೆಟಿನಾ ದೇಹದಲ್ಲಿ ಅತಿ ಹೆಚ್ಚು ಆಮ್ಲಜನಕ ಬಳಸುವ ಅಂಗಾಂಶಗಳಲ್ಲೊಂದು. ಅದರ ಮೇಲೆ ದಿನವಿಡೀ ಬೆಳಕು ಬೀಳುತ್ತದೆ. ಬೆಳಕು, ಆಮ್ಲಜನಕ, ಕೊಬ್ಬು ಮೂರೂ ಸೇರಿದಲ್ಲಿ ಕೋಶಗಳನ್ನು ಸುಡುವ ರಾಸಾಯನಿಕ ಕಣಗಳು ಹುಟ್ಟುತ್ತವೆ. ಅವನ್ನು ತಡೆಯಲು ಮ್ಯಾಕ್ಯುಲಾದಲ್ಲಿ ಲ್ಯೂಟಿನ್, ಜಿಯಾಕ್ಸಾಂಥಿನ್ ಎಂಬ ಹಳದಿ ವಸ್ತುಗಳಿವೆ. ದೇಹ ಇವನ್ನು ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು.

ಬಿಸಿಲಿನ ಪಾಲನ್ನು ಅಳೆಯಲು ನಡೆದ ಹೆಸರಾಂತ ಅಧ್ಯಯನ ಅಮೆರಿಕದ ಚೆಸಪೀಕ್ ಕೊಲ್ಲಿಯ 838 ಮೀನುಗಾರರದು. ಅತಿನೇರಳೆ ಕಿರಣಕ್ಕೂ ಕಣ್ಣಿನ ಪೊರೆಗೂ ನಂಟು ಅಲ್ಲಿ ಸ್ಪಷ್ಟವಾಯಿತು. ಮ್ಯಾಕ್ಯುಲಾಕ್ಕೆ ಬಂದಾಗ ನೀಲಿ ಬೆಳಕಿನ ಸುಳಿವು ಸಿಕ್ಕಿತಾದರೂ ಮುಂದುವರಿದ ಸವೆತ ಇದ್ದವರು ಬೆರಳೆಣಿಕೆಯಷ್ಟು ಮಂದಿ. ತೀರ್ಪು ಕೊಡಲು ಅದು ಸಾಲದು. ಯುರೋಪಿನ 7 ದೇಶಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ ಬಿಸಿಲೊಂದೇ ಕಾರಣ ಎಂಬುದನ್ನು ಒಪ್ಪಲಿಲ್ಲ. ಆದರೆ ರಕ್ತದಲ್ಲಿ ವಿಟಮಿನ್ ಸಿ ಮೊದಲಾದ ರಕ್ಷಕ ವಸ್ತುಗಳು ತೀರ ಕಡಿಮೆ ಇದ್ದವರಲ್ಲಿ ಬಿಸಿಲಿಗೂ ಒದ್ದೆ ರೂಪಕ್ಕೂ ನಂಟು ಕಂಡಿತು. ನನ್ನ ಮಟ್ಟಿಗೆ ಇದು ಬಹಳ ಮುಖ್ಯವಾದ ಸುಳಿವು. ಬಿಸಿಲು ಎಷ್ಟು ಎನ್ನುವುದರ ಜೊತೆಗೆ ಆ ಬಿಸಿಲಲ್ಲಿ ನಿಂತವರ ಊಟ ಏನು ಎಂದೂ ಕೇಳಬೇಕಾಗಿದೆ.

ನಮ್ಮಲ್ಲಿ ಬಿಸಿಲಿನ ಲೆಕ್ಕವೇ ಜಟಿಲ. ಅಡಿಕೆ ತೋಟದೊಳಗೆ ದಿನವಿಡೀ ನೆರಳು. ಅಡಿಕೆ ಒಣಗಿಸುವ ಅಂಗಳದಲ್ಲಿ ಕಣ್ಣು ಕುಕ್ಕುವ ಬೆಳಕು. ಗದ್ದೆಯಲ್ಲಿ ನೀರಿನಿಂದ ಪ್ರತಿಫಲಿಸಿ ಬರುವ ಬಿಸಿಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ಆಕಾಶ. ಬಂಟ್ವಾಳದ ಒಬ್ಬ ಕೃಷಿಕನ ಕಣ್ಣಿಗೆ ಜೀವಮಾನದಲ್ಲಿ ಬಿದ್ದ ಬೆಳಕನ್ನು ಚೆಸಪೀಕ್ ಮೀನುಗಾರನ ಲೆಕ್ಕದಿಂದ ಊಹಿಸಲಾಗದು.

ಊಟದ ವಿಚಾರದಲ್ಲಿ ಅಮೆರಿಕದ ಅರೆಡ್ಸ್ ಪ್ರಯೋಗ ದೊಡ್ಡ ಹೆಜ್ಜೆ. ವಿಟಮಿನ್ ಸಿ, ಇ, ಬೀಟಾ ಕೆರೋಟಿನ್, ಸತು, ತಾಮ್ರ ಸೇರಿದ ಮಾತ್ರೆ ಮಧ್ಯಮ ಹಂತದ ರೋಗಿಗಳಲ್ಲಿ ರೋಗ ಮುಂದುವರಿಯುವ ಸಂಭವವನ್ನು 5 ವರ್ಷಗಳಲ್ಲಿ ಸುಮಾರು ಶೇ. 25ರಷ್ಟು ಇಳಿಸಿತು ಎಂದು 2001ರಲ್ಲಿ ಗೊತ್ತಾಯಿತು. ಬೀಟಾ ಕೆರೋಟಿನ್ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿಸುವುದು ಕಂಡುಬಂದದ್ದರಿಂದ 2013ರ ಎರಡನೇ ಪ್ರಯೋಗದ ಬಳಿಕ ಅದರ ಜಾಗಕ್ಕೆ 10 ಮಿಲಿಗ್ರಾಂ ಲ್ಯೂಟಿನ್ ಮತ್ತು 2 ಮಿಲಿಗ್ರಾಂ ಜಿಯಾಕ್ಸಾಂಥಿನ್ ಬಂದವು. ಮೀನೆಣ್ಣೆಯ ಒಮೆಗಾ 3 ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಈ ಮಾತ್ರೆಗಳು ರೋಗ ಬಾರದಂತೆ ತಡೆಯುತ್ತವೆ ಎಂದು ಯಾವ ಪ್ರಯೋಗವೂ ಸಾಧಿಸಿಲ್ಲ. ಅಂಗಡಿಯಲ್ಲಿ ಕಣ್ಣಿನ ಮಾತ್ರೆ ಎಂದು ಕೇಳಿ ಆರೋಗ್ಯವಂತರು ನುಂಗುವುದಕ್ಕೆ ಇದರಲ್ಲಿ ಆಧಾರವಿಲ್ಲ.

ಆ ಮಾತ್ರೆಯ ಲ್ಯೂಟಿನ್ ಬರುವುದು ಚೆಂಡುಹೂವಿನಿಂದ. ಗುಂಡ್ಲುಪೇಟೆಯ ಹೊಲಗಳಲ್ಲಿ ಕಾರ್ಖಾನೆಗಳಿಗಾಗಿ ಬೆಳೆಯುವ ಹೂವು ಅದೇ. ನಮ್ಮ ಸೊಪ್ಪುಗಳಲ್ಲೂ ಅದು ಹೇರಳ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಭಾರತದ ಸೊಪ್ಪು ತರಕಾರಿಗಳ ಲ್ಯೂಟಿನ್ ಪ್ರಮಾಣ ಅಳೆದು 2005ರಲ್ಲಿ ಪ್ರಕಟಿಸಿದರು. ಹರಿವೆ, ಬಸಳೆ, ನುಗ್ಗೆಸೊಪ್ಪು ತಿನ್ನುವ ಊರು ನಮ್ಮದು. ಲ್ಯೂಟಿನ್ ಜಿಡ್ಡಿನಲ್ಲಿ ಕರಗುವ ವಸ್ತುವಾದ್ದರಿಂದ ತೆಂಗಿನಕಾಯಿ ಅರೆದು ಮಾಡಿದ ಬಸಳೆಯ ಪದಾರ್ಥ ಅದನ್ನು ದೇಹಕ್ಕೆ ಸೇರಿಸಲು ಒಳ್ಳೆಯ ದಾರಿಯೂ ಹೌದು.

2005ರ ತಿರುವು

ವಂಶದಲ್ಲಿ ಹರಿಯುತ್ತದೆ ಎಂಬ ಅನುಮಾನ ಹಳೆಯದು. ಅವಳಿಗಳ ಮೇಲಿನ ಅಧ್ಯಯನದಿಂದ, ರೋಗದ ಹಂತವನ್ನು ಅವಲಂಬಿಸಿ ಶೇ. 46ರಿಂದ 71ರಷ್ಟು ಪಾಲು ವಂಶದ್ದು ಎಂಬ ಅಂದಾಜು ಬಂದಿತ್ತು. ಯಾವ ವಂಶವಾಹಿ ಎಂಬುದು ಗೊತ್ತಾದದ್ದು 2005ರಲ್ಲಿ. ಜೋಸೆಫೀನ್ ಹೋ ಅವರ ತಂಡ 96 ರೋಗಿಗಳನ್ನೂ 50 ಆರೋಗ್ಯವಂತರನ್ನೂ ಒಂದು ಲಕ್ಷಕ್ಕೂ ಹೆಚ್ಚು ವಂಶವಾಹಿ ಗುರುತುಗಳಲ್ಲಿ ಹೋಲಿಸಿ ನೋಡಿತು. ಇಡೀ ವಂಶವಾಹಿ ಸಮೂಹವನ್ನೇ ಜಾಲಾಡುವ ವಿಧಾನದ ಮೊದಲ ದೊಡ್ಡ ಗೆಲುವುಗಳಲ್ಲಿ ಇದೂ ಒಂದು. ಅದೇ ವರ್ಷ ಬೇರೆ ಬೇರೆ ದಾರಿ ಹಿಡಿದ ಇನ್ನೂ ಮೂರು ತಂಡಗಳು ಅದೇ ಜಾಗಕ್ಕೆ ಬಂದು ತಲುಪಿದವು: ಒಂದನೇ ವರ್ಣತಂತುವಿನ ಮೇಲಿನ ಕಾಂಪ್ಲಿಮೆಂಟ್ ಫ್ಯಾಕ್ಟರ್ ಎಚ್.

ಕಾಂಪ್ಲಿಮೆಂಟ್ ಎಂದರೆ ರಕ್ತದಲ್ಲಿರುವ ಹಲವು ಪ್ರೋಟೀನುಗಳ ಸೇನೆ. ರೋಗಾಣು ಕಂಡಲ್ಲಿ ಒಂದನ್ನೊಂದು ಎಬ್ಬಿಸಿ ಅದರ ಮೇಲೆ ಬೀಳುತ್ತವೆ. ನಮ್ಮದೇ ಕೋಶಗಳ ಮೇಲೆ ಬೀಳದಂತೆ ಹಿಡಿತ ಹಾಕುವುದು ಫ್ಯಾಕ್ಟರ್ ಎಚ್. ಅದರ 402ನೇ ಸ್ಥಾನದಲ್ಲಿ ಟೈರೊಸಿನ್ ಬದಲು ಹಿಸ್ಟಿಡಿನ್ ಬಂದರೆ ಹಿಡಿತ ಸಡಿಲ. ಈ ರೂಪ ತಂದೆ ತಾಯಿ ಇಬ್ಬರಿಂದಲೂ ಬಂದವರಿಗೆ ರೋಗದ ಸಂಭವ ಆರೇಳು ಪಟ್ಟು. ಡ್ರೂಸೆನ್‌ನಲ್ಲಿ ಕಾಂಪ್ಲಿಮೆಂಟ್ ಪ್ರೋಟೀನುಗಳಿರುವುದನ್ನು ಗ್ರೆಗರಿ ಹೇಗ್‌ಮನ್ ಮತ್ತು ಸಂಗಡಿಗರು ಕೆಲವು ವರ್ಷಗಳ ಮೊದಲೇ ಕಂಡಿದ್ದರು. ಅದುವರೆಗೆ ಸವೆತ ಎಂದು ಭಾವಿಸಿದ್ದು ಅಲ್ಲಿಂದಾಚೆ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿದ ಕಥೆಯಾಗಿ ಕಾಣತೊಡಗಿತು.

ಹೈದರಾಬಾದಿನ ಎಲ್‌.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ತಂಡ 2006ರಲ್ಲಿ ಭಾರತೀಯ ರೋಗಿಗಳಲ್ಲೂ ಈ ನಂಟನ್ನು ದೃಢಪಡಿಸಿತು. ಹತ್ತನೇ ವರ್ಣತಂತುವಿನ ಮೇಲೆ ಇನ್ನೊಂದು ದೊಡ್ಡ ಗುರುತು ಸಿಕ್ಕಿತು. 2016ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟವೊಂದು 16 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಪರೀಕ್ಷಿಸಿ 34 ಸ್ಥಾನಗಳಲ್ಲಿ 52 ವ್ಯತ್ಯಾಸಗಳನ್ನು ಪಟ್ಟಿ ಮಾಡಿತು.

ಇಷ್ಟಾದರೂ ವಂಶವಾಹಿ ಪಂಥ ಬಿಡಿಸಲಾಗದ ಒಗಟುಗಳಿವೆ. ಫ್ಯಾಕ್ಟರ್ ಎಚ್‌ನ ಆ ಅಪಾಯದ ರೂಪ ಜಪಾನ್, ಚೀನಾಗಳಲ್ಲಿ ವಿರಳ, ರೋಗ ವಿರಳವಲ್ಲ. ಆಫ್ರಿಕಾ ಮೂಲದವರಲ್ಲಿ ಆ ರೂಪ ಸಾಕಷ್ಟಿದ್ದರೂ ಮುಂದುವರಿದ ರೋಗ ಕಡಿಮೆ. ಚಿಕಿತ್ಸೆಯ ಪರೀಕ್ಷೆಯಲ್ಲೂ ಈ ವಾದಕ್ಕೆ ಅರೆ ಗೆಲುವು. ಕಾಂಪ್ಲಿಮೆಂಟಿನ ಒಂದು ಕೊಂಡಿಯನ್ನು ತಡೆಯುವ ಲ್ಯಾಂಪಲಿಜುಮ್ಯಾಬ್ 2017ರಲ್ಲಿ ಸೋತಿತು. 2023ರಲ್ಲಿ ಅಮೆರಿಕ ಒಪ್ಪಿದ ಎರಡು ಇಂಜೆಕ್ಷನ್‌ಗಳು ಒಣ ರೂಪದ ಕಲೆ ಹಬ್ಬುವ ವೇಗವನ್ನು ಸುಮಾರು ಐದನೇ ಒಂದು ಭಾಗದಷ್ಟು ತಗ್ಗಿಸುತ್ತವೆ, ಕಳೆದ ದೃಷ್ಟಿಯನ್ನು ಮರಳಿಸುವುದಿಲ್ಲ. ಅವುಗಳಲ್ಲಿ ಒಂದನ್ನು ಯುರೋಪಿನ ನಿಯಂತ್ರಕರು 2024ರಲ್ಲಿ ನಿರಾಕರಿಸಿದರು. ಕಾಂಪ್ಲಿಮೆಂಟೇ ಮೂಲ ಕಾರಣವಾಗಿದ್ದರೆ ಅದನ್ನು ತಡೆದಾಗ ಇನ್ನೂ ದೊಡ್ಡ ಪರಿಣಾಮ ಸಿಗಬೇಕಿತ್ತು ಎಂಬ ವಾದವನ್ನು ತಳ್ಳಿಹಾಕುವುದು ಕಷ್ಟ.

ರಕ್ತನಾಳದ ವಾದ

ಒದ್ದೆ ರೂಪದ ಮಟ್ಟಿಗೆ ಹೊಸ ನಾಳಗಳನ್ನು ಹುಟ್ಟಿಸುವ ವಸ್ತು ಯಾವುದೆಂದು ಗೊತ್ತಾಗಿದೆ. ಅಂಥದೊಂದು ವಸ್ತು ರೆಟಿನಾದಲ್ಲಿ ಇರಬೇಕು ಎಂದು ಮೈಕಲ್‌ಸನ್ 1948ರಲ್ಲೇ ಊಹಿಸಿದ್ದರು. ನೆಪೊಲಿಯೋನ್ ಫೆರಾರಾ 1989ರಲ್ಲಿ ವಿಇಜಿಎಫ್ ಎಂಬ ಆ ವಸ್ತುವನ್ನು ಗುರುತಿಸಿದರು. ಅದನ್ನು ತಡೆಯುವ ರಾನಿಬಿಜುಮ್ಯಾಬ್ 2006ರಲ್ಲಿ ಬಂದ ಮೇಲೆ ಒದ್ದೆ ರೂಪದಲ್ಲಿ ಕುರುಡುತನ ಅನಿವಾರ್ಯವಲ್ಲ ಎಂಬಂತಾಯಿತು. ಅದರ ಭಾರತೀಯ ಸಮಾನ ಔಷಧ 2015ರಿಂದ ಇಲ್ಲಿ ಸಿಗುತ್ತಿದೆ. ಆದರೆ ವಿಇಜಿಎಫ್ ರೋಗದ ಕೊನೆಯ ಅಂಕದ ಪಾತ್ರಧಾರಿ. ಅದನ್ನು ರಂಗಕ್ಕೆ ಕರೆದದ್ದು ಯಾರು ಎಂಬುದು ಬೇರೆ ಪ್ರಶ್ನೆ.

ಏಷ್ಯಾದವರಲ್ಲಿ ಒದ್ದೆ ರೂಪದ ದೊಡ್ಡ ಪಾಲು ದ್ರಾಕ್ಷಿಗೊಂಚಲಿನಂತೆ ಉಬ್ಬಿದ ನಾಳಗಳ ಪಾಲಿಪಾಯ್ಡಲ್ ರೂಪದ್ದು. ಎಷ್ಟೋ ಸಲ ಅಂಥ ಕಣ್ಣಿನಲ್ಲಿ ಡ್ರೂಸೆನ್ ಕಡಿಮೆ, ಹಿಂಬದಿಯ ರಕ್ತನಾಳಗಳ ಪದರ ಮಾತ್ರ ದಪ್ಪ. ಇದು ಅದೇ ರೋಗವೋ, ಅದರ ಹೆಸರಿನಲ್ಲಿ ಸೇರಿಕೊಂಡ ಬೇರೆ ರೋಗವೋ ಎಂಬ ಚರ್ಚೆ ಮುಗಿದಿಲ್ಲ. ಬೇರೆ ಎಂದಾದರೆ ಪಾಶ್ಚಾತ್ಯ ಕಾರಣಪಟ್ಟಿ ನಮ್ಮ ಒಂದಷ್ಟು ರೋಗಿಗಳಿಗೆ ಅನ್ವಯಿಸುವುದೇ ಇಲ್ಲ. ಸೋಂಕಿನಿಂದ ಬರುತ್ತದೆ ಎಂಬ ಇನ್ನೊಂದು ವಾದವೂ ಕೆಲಕಾಲ ಚಲಾವಣೆಯಲ್ಲಿತ್ತು; ಪುರಾವೆ ಗಟ್ಟಿಯಾಗದೆ ಹಿಂದೆ ಸರಿಯಿತು.

ಹೊಗೆ

ಇಷ್ಟು ಪಂಥಗಳ ನಡುವೆ ಎಲ್ಲರೂ ಒಪ್ಪುವ, ಮನುಷ್ಯನ ಕೈಯಲ್ಲೇ ಇರುವ ಕಾರಣ ಒಂದಿದೆ: ತಂಬಾಕಿನ ಹೊಗೆ. 1996ರಲ್ಲಿ ಅಮೆರಿಕದ ನರ್ಸುಗಳ ಮತ್ತು ವೈದ್ಯರ ಮೇಲೆ ನಡೆದ ಎರಡು ದೀರ್ಘ ಅಧ್ಯಯನಗಳು ಒಟ್ಟಿಗೇ ಇದನ್ನು ಹೇಳಿದವು. ಅಮೆರಿಕದ ಬೀವರ್ ಡ್ಯಾಮ್, ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಸಮೀಕ್ಷೆಗಳಲ್ಲೂ ಅದೇ ಕಂಡಿತು. ಸೇದುವವರಿಗೆ ಸಂಭವ ಎರಡರಿಂದ ನಾಲ್ಕು ಪಟ್ಟು. ಆಂಧ್ರಪ್ರದೇಶದ ಕಣ್ಣಿನ ಸಮೀಕ್ಷೆಯಲ್ಲಿ ಹೆಚ್ಚು ಚುಟ್ಟಾ ಸೇದುವವರಲ್ಲಿ ರೋಗ ಹೆಚ್ಚಿತ್ತು. ಹೊಗೆ ರಕ್ಷಕ ವಸ್ತುಗಳನ್ನು ಬರಿದು ಮಾಡುತ್ತದೆ, ಕಾಂಪ್ಲಿಮೆಂಟನ್ನು ಕೆರಳಿಸುತ್ತದೆ, ನಾಳಗಳನ್ನು ಕುಗ್ಗಿಸುತ್ತದೆ, ಕಣ್ಣಿನಲ್ಲಿ ಕ್ಯಾಡ್ಮಿಯಂ ತುಂಬುತ್ತದೆ. ಒಂದೊಂದು ಪಂಥ ಹೇಳುವ ದಾರಿಯಲ್ಲೂ ಹೊಗೆಗೆ ಪ್ರವೇಶವಿದೆ. ಬ್ರಿಟನ್ನಿನ 2006ರ ಅಧ್ಯಯನದಲ್ಲಿ ತಾವು ಸೇದದೆ ಸೇದುವವರ ಜೊತೆ ಬದುಕಿದವರಲ್ಲೂ ಸಂಭವ ಹೆಚ್ಚಿತ್ತು. ಬಿಟ್ಟು 20 ವರ್ಷ ಕಳೆದವರಲ್ಲಿ ಅದು ಸೇದದವರ ಮಟ್ಟಕ್ಕೆ ಇಳಿದಿತ್ತು.

ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ. ಬೀಡಿ ಇಲ್ಲಿನ ಗಂಡಸರ ಚಟ ಮಾತ್ರವಲ್ಲ, ಸಾವಿರಾರು ಹೆಂಗಸರ ದುಡಿಮೆಯೂ ಹೌದು. ಮಡಿಲಲ್ಲಿ ತಡಪೆ ಇಟ್ಟುಕೊಂಡು ಜಗಲಿಯಲ್ಲಿ ಕೂತು ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ನೂಲು ಸುತ್ತಿ ಮಕ್ಕಳನ್ನು ಓದಿಸಿದ ತಾಯಂದಿರ ಊರು ಇದು. ಅವರು ಸೇದಿದವರಲ್ಲ. ಆದರೆ ಹೊಗೆಸೊಪ್ಪಿನ ಧೂಳು ಉಸಿರಿನಿಂದಲೂ ಚರ್ಮದಿಂದಲೂ ದೇಹ ಸೇರುತ್ತದೆ. ಸುಟ್ಟ ತಂಬಾಕಿನ ವಿಷಗಳು ಅದರಲ್ಲಿಲ್ಲ, ನಿಕೋಟಿನ್ ಇದೆ. ನಲವತ್ತು ವರ್ಷ ಬೀಡಿ ಕಟ್ಟಿದ ಕೈಯೊಡನೆ ಬಂದ ಕಣ್ಣಿನ ಮ್ಯಾಕ್ಯುಲಾ ಹೇಗಿದೆ ಎಂಬುದನ್ನು ಸಿಗರೇಟಿನ ಅಧ್ಯಯನದಿಂದ ತಿಳಿಯಲಾಗದು. ಅವರ ಕಣ್ಣನ್ನೇ ನೋಡಬೇಕು.

ಒಲೆಯ ಹೊಗೆಯದೂ ಇದೇ ಕಥೆ. ಅಡುಗೆಮನೆಗೆ ಗ್ಯಾಸ್ ಬಂದ ಮೇಲೂ ಬಚ್ಚಲ ಹಂಡೆಯ ಕೆಳಗೆ ಮಡಲು, ತೆಂಗಿನ ಸಿಪ್ಪೆ, ಸೌದೆ ಉರಿಯುತ್ತವೆ. ಸೌದೆ ಹೊಗೆಗೂ ಪೊರೆಗೂ ಇರುವ ನಂಟನ್ನು ಉತ್ತರ ಭಾರತ, ನೇಪಾಳದ ಅಧ್ಯಯನಗಳು ತೋರಿಸಿವೆ. ಮ್ಯಾಕ್ಯುಲಾಕ್ಕೆ ಬಂದರೆ, ಬ್ರಿಟನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಗಾಳಿಯ ಸೂಕ್ಷ್ಮ ಕಣಗಳಿಗೂ ಈ ರೋಗಕ್ಕೂ ನಂಟು ಕಂಡಿತು. ಅಲ್ಲಿನ ಬೀದಿಯ ಗಾಳಿಗಿಂತ ಹೊಗೆ ತುಂಬಿದ ಬಚ್ಚಲು ಕೊಟ್ಟಿಗೆಯಲ್ಲಿ ಕಣಗಳ ಸಾಂದ್ರತೆ ಎಷ್ಟೋ ಹೆಚ್ಚು. ಇಂಡ್‌ಐ ತಂಡದ ಇನ್ನೊಂದು ವರದಿಯನ್ನು ಇದರ ಜೊತೆಗಿಟ್ಟು ಓದಬೇಕು: ಉತ್ತರದ ಹಿರಿಯರಲ್ಲಿ ಶೇ. 74, ದಕ್ಷಿಣದವರಲ್ಲಿ ಶೇ. 46 ಮಂದಿಗೆ ವಿಟಮಿನ್ ಸಿ ಕೊರತೆ ಇತ್ತು, ತಂಬಾಕು ಬಳಸುವವರಲ್ಲೂ ಸೌದೆ ಸೆಗಣಿ ಉರಿಸುವ ಮನೆಗಳಲ್ಲೂ ಅದು ಹೆಚ್ಚಿತ್ತು. ಯುರೋಪಿನ ಅಧ್ಯಯನ ಬಿಸಿಲಿನ ಜೊತೆ ಅಪಾಯಕಾರಿ ಎಂದದ್ದು ಇಂಥ ಕೊರತೆಯನ್ನೇ.

ಮದ್ದು ಬಿಡುವ ಊರಿನ ಪ್ರಶ್ನೆ

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದು ಅಡಿಕೆ ನಾಡಿನ ವಾರ್ಷಿಕ ಕೆಲಸ. ಮೈಸೂರಿನಲ್ಲಿ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲೇ ಅದನ್ನು ಬೆಳೆಗಾರರಿಗೆ ಕಲಿಸಿದರು. ಮೈಲುತುತ್ತು ಮತ್ತು ಸುಣ್ಣದ ಆ ನೀಲಿ ಮಿಶ್ರಣ ಮರ ಹತ್ತಿ ಸಿಂಪಡಿಸುವವರ ಮುಖ, ಕಣ್ಣು, ಮೈ ಎಲ್ಲದರ ಮೇಲೂ ಬೀಳುತ್ತದೆ. ಅಮೆರಿಕದ ಅಯೋವಾ ಮತ್ತು ನಾರ್ತ್ ಕ್ಯಾರೊಲಿನಾದ ಕೃಷಿಕರ ಮೇಲಿನ ದೀರ್ಘ ಅಧ್ಯಯನ 2000ರಲ್ಲಿ ಶಿಲೀಂಧ್ರನಾಶಕ ಬಳಸುವವರಲ್ಲಿ ರೆಟಿನಾ ಸವೆತ ಹೆಚ್ಚು ಎಂದಿತು. 2005ರಲ್ಲಿ ಅವರ ಪತ್ನಿಯರಲ್ಲೂ ಅಂಥದೇ ನಂಟು ಕಂಡಿತು. ಅಲ್ಲಿನ ರಾಸಾಯನಿಕಗಳು ಬೇರೆ, ಬೋರ್ಡೋ ಬೇರೆ. ಒಂದರ ತೀರ್ಪನ್ನು ಇನ್ನೊಂದರ ಮೇಲೆ ಹೊರಿಸುವಂತಿಲ್ಲ. ಪ್ರಶ್ನೆಯನ್ನು ಎತ್ತಲು ಅಷ್ಟು ಸಾಕು.

ಕಾರಣ ಸಾಬೀತುಪಡಿಸುವುದು ಎಷ್ಟು ಕಷ್ಟ ಎಂಬುದು ಬೆಳ್ತಂಗಡಿ ತಾಲ್ಲೂಕಿಗೆ ಹೊಸದಲ್ಲ. ಕೊಕ್ಕಡ, ಪಟ್ರಮೆ ಸುತ್ತ ಗೇರು ತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ ವರ್ಷಗಳ ನಂತರ ಹುಟ್ಟಿದ ಅಂಗವಿಕಲ ಮಕ್ಕಳ ತಾಯಂದಿರು ಅದನ್ನು ಅನುಭವಿಸಿದ್ದಾರೆ. ಸುಪ್ರೀಂ ಕೋರ್ಟ್ ನಿಷೇಧ ವಿಧಿಸಿದ್ದು 2011ರಲ್ಲಿ. ಮೊದಲೇ ಯಾರಾದರೂ ಮನೆಮನೆಯ ಆರೋಗ್ಯವನ್ನು ಬರೆದಿಟ್ಟಿದ್ದರೆ ಆ ವಾದ ಅಷ್ಟು ವರ್ಷ ಎಳೆಯುತ್ತಿರಲಿಲ್ಲ. ಮ್ಯಾಕ್ಯುಲಾ ಸವೆತ ಅಂಥ ದುರಂತವಲ್ಲ. ದಾಖಲೆಯ ಅಗತ್ಯ ಮಾತ್ರ ಎರಡಕ್ಕೂ ಒಂದೇ.

ಮೂಡುಬಿದಿರೆಯಲ್ಲಿ ಇನ್ನೊಂದು ಅವಕಾಶವಿದೆ. ಮೀನು, ಮಾಂಸ, ಗೆಡ್ಡೆ ಬಿಟ್ಟ ಜೈನ ಮನೆಗಳೂ ಬಂಗುಡೆ, ಬೂತಾಯಿ ದಿನನಿತ್ಯ ತಿನ್ನುವ ಮನೆಗಳೂ ಒಂದೇ ಮಳೆ, ಒಂದೇ ಬಿಸಿಲಿನಲ್ಲಿ ಅಕ್ಕಪಕ್ಕ ಇವೆ. ಮೀನು ತಿನ್ನುವವರಲ್ಲಿ ರೋಗ ಕಡಿಮೆ ಎಂದು ಹಲವು ಸಮೀಕ್ಷೆಗಳು ಹೇಳಿದರೆ, ಮೀನೆಣ್ಣೆ ಮಾತ್ರೆಯ ಪ್ರಯೋಗಗಳು ಲಾಭ ಕಾಣಲಿಲ್ಲ. ಮೀನಿನ ಗುಣವೋ, ಮೀನು ತಿನ್ನುವವರ ಒಟ್ಟು ಬದುಕಿನ ಗುಣವೋ ಎಂಬುದನ್ನು ಬಿಡಿಸಲು ಇಂಥ ಊರು ನೆರವಾದೀತು. ವಂಶವಾಹಿ, ಆದಾಯ, ಕೆಲಸ ಎಲ್ಲವನ್ನೂ ಜೊತೆಗೇ ಅಳೆಯಬೇಕಾದೀತು, ನಿಜ.

ಪೊರೆಯ ಶಸ್ತ್ರಚಿಕಿತ್ಸೆಯ ಪ್ರಶ್ನೆಯೂ ಇಲ್ಲಿ ಬರುತ್ತದೆ. ಬೀವರ್ ಡ್ಯಾಮ್ ಮತ್ತು ಬ್ಲೂ ಮೌಂಟನ್ಸ್ ಸಮೀಕ್ಷೆಗಳನ್ನು ಸೇರಿಸಿ ನೋಡಿದಾಗ ಪೊರೆ ತೆಗೆಸಿದ ಕಣ್ಣುಗಳಲ್ಲಿ ಮುಂದುವರಿದ ಸವೆತ ಹೆಚ್ಚು ಕಂಡಿತ್ತು. ಅರೆಡ್ಸ್ ದಾಖಲೆಗಳಲ್ಲಿ ಹಾಗೆ ಕಾಣಲಿಲ್ಲ. ಈ ಅನುಮಾನಕ್ಕೆ ಹೆದರಿ ಯಾರೂ ಪೊರೆಯ ಶಸ್ತ್ರಚಿಕಿತ್ಸೆ ಮುಂದೂಡಬಾರದು. 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಕುರುಡುತನದಲ್ಲಿ ಶೇ. 66.2ಕ್ಕೆ ಪೊರೆಯೇ ಕಾರಣ.

ಇತ್ಯರ್ಥವಾಗದೆ ಉಳಿದದ್ದು

ಡ್ರೂಸೆನ್ ರೋಗದ ಕಾರಣವೋ, ರೋಗದ ಗುರುತೋ? ಹತ್ತನೇ ವರ್ಣತಂತುವಿನ ಗುರುತಿನಲ್ಲಿ ಅಕ್ಕಪಕ್ಕ ಇರುವ ಎಆರ್‌ಎಂಎಸ್2 ಮತ್ತು ಎಚ್‌ಟಿಆರ್‌ಎ1 ವಂಶವಾಹಿಗಳಲ್ಲಿ ತಪ್ಪಿತಸ್ಥ ಯಾವುದು? ಮೊದಲು ಕುಸಿಯುವುದು ವರ್ಣಕೋಶವೋ, ಅದರ ಹಿಂದಿನ ರಕ್ತನಾಳವೋ? ಏಷ್ಯಾದ ಪಾಲಿಪಾಯ್ಡಲ್ ರೂಪ ಇದೇ ಮನೆತನದ್ದೋ? ಬಿಸಿಲಿನ ಪಾಲು ಎಷ್ಟು? ಒಂದೇ ವಂಶವಾಹಿ, ಒಂದೇ ಊಟದ ಅಣ್ಣತಮ್ಮಂದಿರಲ್ಲಿ ಒಬ್ಬನ ಕಣ್ಣು ಮಾತ್ರ ಕೆಡುವುದೇಕೆ? ಈ ಪ್ರಶ್ನೆಗಳು ತೆರೆದೇ ಇವೆ. ನಾನು ಓದಿದ್ದರಿಂದ ಮೂಡಿದ ಅಭಿಪ್ರಾಯ ಇಷ್ಟು: ಒಂದೇ ಕಾರಣ ಹುಡುಕುವ ಪಂಥಗಳೆಲ್ಲ ಸೋತಿವೆ, ವಯಸ್ಸಾದ ಕೋಶದ ಮೇಲೆ ವಂಶ, ಹೊಗೆ, ಊಟ ಒಟ್ಟಾಗಿ ಹೇರುವ ಹೊರೆಯನ್ನು ಅಳೆಯುವವರು ಮಾತ್ರ ಮುಂದೆ ಸಾಗಿದ್ದಾರೆ.

ನಮ್ಮ ಪಾಲಿನ ಪ್ರಶ್ನೆಗಳಿಗೆ ಉತ್ತರ ಹುಡುಕುವ ಸಾಮರ್ಥ್ಯ ಹತ್ತಿರದಲ್ಲೇ ಇದೆ. ದಕ್ಷಿಣ ಕನ್ನಡದಲ್ಲಿ ಹಲವು ವೈದ್ಯಕೀಯ ಕಾಲೇಜುಗಳಿವೆ. ಭಾರತದ ದೊಡ್ಡ ಸಮೀಕ್ಷೆಗಳು ಎಂದು ಇಲ್ಲಿ ಹೆಸರಿಸಿದ ಯಾವುದೂ ಕರಾವಳಿ ಕರ್ನಾಟಕದಲ್ಲಿ ನಡೆದದ್ದಲ್ಲ. ಬೀಡಿ ಕಟ್ಟಿದವರು, ಮದ್ದು ಬಿಟ್ಟವರು, ಒಲೆ ಊದಿದವರು ಇವರ ಕಣ್ಣಿನ ಹಿಂಬದಿಯ ಚಿತ್ರ ತೆಗೆದು, ಹತ್ತು ವರ್ಷ ಹಿಂಬಾಲಿಸುವ ಒಂದು ಅಧ್ಯಯನವನ್ನು ಈ ಕಾಲೇಜುಗಳು ಒಟ್ಟಾಗಿ ಕೈಗೊಳ್ಳಬೇಕು. ಹಳ್ಳಿಯ ಕಣ್ಣಿನ ಶಿಬಿರಗಳಲ್ಲಿ ಪೊರೆಯ ಜೊತೆ ಮ್ಯಾಕ್ಯುಲಾವನ್ನೂ ನೋಡಿ ಬರೆದಿಡುವುದರಿಂದ ಅದನ್ನು ಆರಂಭಿಸಬಹುದು.

ಅಲ್ಲಿಯವರೆಗೆ ಓದುಗರು ಮನೆಯಲ್ಲೇ ಮಾಡಬಹುದಾದದ್ದು ಇದೆ. ಬೀಡಿ, ಸಿಗರೇಟು ಬಿಡಿ. ಮನೆಯಲ್ಲಿ 55 ದಾಟಿದವರು ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಗೋಡೆಯ ಕ್ಯಾಲೆಂಡರಿನ ಗೆರೆಗಳನ್ನು ನೋಡಲಿ, ಬಳಿಕ ಕಣ್ಣು ಬದಲಿಸಲಿ. ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಗೆರೆ ಬಾಗಿದಂತೆ ಕಂಡರೆ, ನಡುವಿನ ಅಂಕಿ ಅಳಿಸಿದಂತೆ ತೋರಿದರೆ ಮುಂದಿನ ಶಿಬಿರದವರೆಗೆ ಕಾಯಬೇಡಿ. ಅದೇ ವಾರ ರೆಟಿನಾ ತಜ್ಞರಿಗೆ ತೋರಿಸಿ.